ಸಂಪು ನೋಡಿಕೊಳ್ಳಿ ಅಂದಿದ್ದೆವು

ಬೀಗ ತೆಗೆದಾಗ ರಾತ್ರಿ ಹನ್ನೊಂದೂವರೆ. ಬಸ್ಸಿನಲ್ಲಿ ಕೂತು ಕೂತು ಸೊಂಟ ಹಿಡಿದಿತ್ತು. ಮಗಳು ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಬಾಗಿಲು ತಳ್ಳಿದ ಕೂಡಲೇ ಮನೆಯಲ್ಲಿ ಏನೋ ಒಂದು ಸದ್ದು ಇಲ್ಲ ಅನ್ನಿಸಿತು. ನೀರು ಬೀಳುವ ಸದ್ದು.

ಲೈಟ್ ಹಾಕಿದೆವು. ಅಕ್ವೇರಿಯಂ ತುಂಬಾ ನೀರಿತ್ತು, ಬಿಟ್ಟು ಹೋದಾಗ ಹೇಗಿತ್ತೋ ಹಾಗೇ. ಆ ನೀರಿನ ಮೇಲೆ ಮೂರು ಗೋಲ್ಡ್ ಫಿಶ್ ಅಡ್ಡಡ್ಡ ತೇಲುತ್ತಿದ್ದವು. ನಾಲ್ಕನೆಯದು, ಎಲ್ಲಕ್ಕಿಂತ ಚಿಕ್ಕದು, ಮೂಲೆಯಲ್ಲಿ ಮೇಲಕ್ಕೆ ಬಂದು ಬಾಯಿ ಬಿಡುತ್ತಿತ್ತು.

ಮಗಳನ್ನು ಎಬ್ಬಿಸದೆ ಹಾಗೇ ಒಳಗೆ ಮಲಗಿಸಿದೆವು. ಆಮೇಲೆ ಕೆಳಗಿನ ಬೀರುವಿನ ಬಾಗಿಲು ತೆಗೆದು ನೋಡಿದರೆ ಸಂಪಿನ ಕೊನೆಯ ಖಾನೆಯಲ್ಲಿ ನೀರೇ ಇಲ್ಲ. ಪಂಪು ಬಿಸಿಯಾಗಿ ಸುಟ್ಟ ವಾಸನೆ ಬರುತ್ತಿತ್ತು.

ಆ ರಾತ್ರಿ ನಮ್ಮಿಬ್ಬರ ಬಾಯಲ್ಲೂ ಬಂದದ್ದು ಒಂದೇ ಮಾತು: "ಸಂಪು ನೋಡಿಕೊಳ್ಳಿ ಅಂತ ಅಷ್ಟು ಹೇಳಿದ್ದೆವಲ್ಲ."

ಈ ಬರಹ ಆ ಮಾತಿನ ಬಗ್ಗೆ. ಮೀನು ಸಾಕುವವರಿಗೆ ನಾಲ್ಕು ದಿನ ಊರಿಗೆ ಹೋಗುವಾಗ ಏನು ಮಾಡಬೇಕು ಅನ್ನುವುದೂ ಇದರಲ್ಲಿದೆ. ಮೀನು ಸಾಕದವರೂ ಓದಬಹುದು. ಮನೆ, ಹಸು, ತೋಟದ ಡ್ರಿಪ್ಪು, ಏನನ್ನಾದರೂ ಒಬ್ಬರ ಕೈಗೆ ಒಪ್ಪಿಸಿ ಹೋಗುವುದು ಎಲ್ಲರಿಗೂ ಇದ್ದದ್ದೇ.

ನಾವು ಅಂದರೆ ಗಂಡ, ಹೆಂಡತಿ, ಏಳು ವರ್ಷದ ಮಗಳು. ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಬಾಡಿಗೆ ಮನೆ. ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿ, ಪತ್ರಿಕೆಗೆ ಸುದ್ದಿ ಕಳಿಸಿ ಬಂದಷ್ಟರಲ್ಲಿ ಬದುಕುವ ಸಂಸಾರ. ಅಕ್ವೇರಿಯಂ ಇಟ್ಟುಕೊಳ್ಳುವ ಶೋಕಿ ನಮ್ಮದಲ್ಲ. ಪರಿಚಯದವರೊಬ್ಬರು ಬಣ್ಣದ ಮೀನಿನ ಅಂಗಡಿ ಮುಚ್ಚುವಾಗ ಮಗಳ ಮುಖ ನೋಡಿ ಹಳೆಯ ತೊಟ್ಟಿ, ಕಬ್ಬಿಣದ ಸ್ಟ್ಯಾಂಡು, ಕೆಳಗಿನ ಸಂಪು, ನಾಲ್ಕು ಮೀನು, ಎಲ್ಲ ಸೇರಿಸಿ ಕೊಟ್ಟುಬಿಟ್ಟರು.

ಸಂಪು ಅಂದರೆ ಇಲ್ಲಿ ಏನು ಅಂತ ಮೊದಲು ಹೇಳಬೇಕು. ಹೊರಡುವ ದಿನ ನಾವು ಹೇಳದೆ ಬಿಟ್ಟದ್ದೂ ಇದನ್ನೇ.

ಮೀನು ಇರುವ ಗಾಜಿನ ತೊಟ್ಟಿ ಮೇಲೆ. ಅದರ ಕೆಳಗೆ, ಸ್ಟ್ಯಾಂಡಿನ ಬೀರುವಿನೊಳಗೆ, ಇನ್ನೊಂದು ಸಣ್ಣ ಗಾಜಿನ ತೊಟ್ಟಿ. ಮೇಲಿನ ತೊಟ್ಟಿ ಒಂದು ಮಟ್ಟಕ್ಕೆ ತುಂಬಿದರೆ ಹೆಚ್ಚಿನ ನೀರು ಪೈಪಿನಲ್ಲಿ ಕೆಳಕ್ಕೆ ಇಳಿಯುತ್ತದೆ. ಕೆಳಗಿನ ತೊಟ್ಟಿಯಲ್ಲಿ ಅಡ್ಡ ಗಾಜು ಇಟ್ಟು ಮೂರು ಖಾನೆ ಮಾಡಿರುತ್ತಾರೆ. ಮೊದಲೆರಡರಲ್ಲಿ ಸ್ಪಂಜು, ಕಲ್ಲು. ಅಲ್ಲಿ ನೀರು ಶುದ್ಧವಾಗುತ್ತದೆ. ಕೊನೆಯ ಖಾನೆಯಲ್ಲಿ ಪಂಪು. ಅದು ನೀರನ್ನು ಮತ್ತೆ ಮೇಲಕ್ಕೆ ಕಳಿಸುತ್ತದೆ. ಹೀಗೆ ಹಗಲೂ ರಾತ್ರಿ ತಿರುಗುತ್ತಲೇ ಇರುತ್ತದೆ. ಮೀನಿನವರ ಭಾಷೆಯಲ್ಲಿ ಆ ಕೆಳಗಿನ ತೊಟ್ಟಿಗೆ ಸಂಪು ಅಂತ ಹೆಸರು.

ಇದರಲ್ಲಿ ಒಂದು ಮೋಸವಿದೆ. ನೀರು ಆವಿಯಾಗುವುದು ಹೆಚ್ಚಾಗಿ ಮೇಲಿನ ತೊಟ್ಟಿಯಿಂದ. ಆದರೆ ಕಡಿಮೆಯಾಗಿ ಕಾಣುವುದು ಕೆಳಗಿನ ಕೊನೆಯ ಖಾನೆಯಲ್ಲಿ ಮಾತ್ರ. ಪಂಪು ಓಡುವಷ್ಟು ಹೊತ್ತು ಮೇಲಿನ ತೊಟ್ಟಿ ಯಾವಾಗಲೂ ತುಂಬಿಯೇ ಇರುತ್ತದೆ. ಬಂದವರು ಅದನ್ನು ನೋಡಿ ಎಲ್ಲ ಸರಿ ಇದೆ ಅಂದುಕೊಳ್ಳುತ್ತಾರೆ. ಕೆಳಗೆ ಬೀರುವಿನ ಕತ್ತಲೆಯಲ್ಲಿ ನೀರು ದಿನಕ್ಕಿಷ್ಟು ಇಳಿಯುತ್ತಿರುತ್ತದೆ.

ಏಪ್ರಿಲ್ ರಜೆಗೆ ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ ಅಂತ ಆರು ದಿನ ಹೊರಟಿದ್ದೆವು. ಮಗಳಿಗೆ ಮಲ್ಪೆಯಲ್ಲಿ ಸಮುದ್ರ ತೋರಿಸುತ್ತೇವೆ ಅಂತ ಎರಡು ವರ್ಷದಿಂದ ಹೇಳಿಕೊಂಡು ಬಂದಿದ್ದು. ಶನಿವಾರ ಬೆಳಗ್ಗೆ ಆಟೋ ಬಂದು ಹಾರ್ನ್ ಹೊಡೆಯುತ್ತಿತ್ತು. ಎದುರು ಮನೆ ಅಕ್ಕನ ಕೈಗೆ ಬೀಗದ ಕೈ ಕೊಟ್ಟೆವು. ಅಕ್ಕನಿಗೆ ಐವತ್ತು ದಾಟಿದೆ. ನಮ್ಮ ಮಗಳಿಗೆ ಅರ್ಧ ಅಜ್ಜಿ. ಮೀನಿನ ಊಟದ ಡಬ್ಬಿ ತೋರಿಸಿ, "ದಿನಾ ಒಂದು ಚಿಟಿಕೆ ಹಾಕಿ ಅಕ್ಕಾ. ಸಂಪು ನೋಡಿಕೊಳ್ಳಿ, ನೀರು ಕಡಿಮೆಯಾದರೆ ಸ್ವಲ್ಪ ಹಾಕಿ" ಅಂದೆವು.

"ಆಯ್ತು ಬಿಡಮ್ಮ, ನಾನು ನೋಡ್ಕೊಳ್ತೀನಿ. ನೀವು ಆರಾಮಾಗಿ ಹೋಗಿ ಬರ್ರಿ" ಅಂದರು ಅಕ್ಕ. ಬೀರುವಿನ ಬಾಗಿಲು ತೆಗೆದು ತೋರಿಸುವಷ್ಟು ಪುರುಸೊತ್ತು ನಮಗಿರಲಿಲ್ಲ.

ಬಂದ ಮಾರನೇ ಬೆಳಗ್ಗೆ ಅಕ್ಕ ಬೀಗದ ಕೈ ಕೊಡಲು ಬಂದರು. ತೊಟ್ಟಿ ನೋಡಿ ಬಾಯಿಗೆ ಸೆರಗು ಹಿಡಿದರು. "ದಿನಾ ಬೆಳಗ್ಗೆ ಬಂದು ನೋಡ್ತಿದ್ದೆ ಕಣಮ್ಮ, ತೊಟ್ಟಿ ತುಂಬಾ ನೀರಿತ್ತು. ಬುಧವಾರ ಮಿಷನ್ನು ಗೊರಗೊರ ಅಂತಿತ್ತು. ಅದು ಹಂಗೇ ಇರಬೇಕೇನೋ ಅನ್ಕೊಂಡೆ. ನಿನ್ನೆ ನೀವೇ ಬರ್ತೀವಿ ಅಂದಿದ್ರಲ್ಲ, ಅದಕ್ಕೆ ಬರಲಿಲ್ಲ."

"ಸಂಪು ನೋಡಲಿಲ್ವಾ ಅಕ್ಕಾ?"

"ನೋಡೀನಲ್ಲಮ್ಮ. ಮಂಗಳವಾರ ತುಂಬಿಸೀನಿ."

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸಂಪಿನ ಖಾನೆ ಒಣಗಿದ್ದು ನಮ್ಮ ಕಣ್ಣಾರೆ ಕಂಡಿದ್ದೇವೆ. ಇವರು ತುಂಬಿಸೀನಿ ಅನ್ನುತ್ತಾರೆ. ಸುಳ್ಳು ಹೇಳುತ್ತಿದ್ದಾರೆ ಅಂತ ಬಾಯಿಬಿಟ್ಟು ಹೇಳಲಿಲ್ಲ. ಹೇಳದಿದ್ದರೂ ಅಕ್ಕನಿಗೆ ತಿಳಿಯಿತು. "ಏನೋಪ್ಪ, ನನಗೆ ತಿಳಿದಷ್ಟು ನೋಡಿದೆ" ಅಂತ ಹೇಳಿ ಹೋದರು.

ಹತ್ತು ದಿನ ಹಾಗೇ ಕಳೆಯಿತು. ಎದುರು ಸಿಕ್ಕರೆ ಮಾತು ಒಂದೋ ಎರಡೋ. ಮಗಳನ್ನು ಸಂಜೆ ಅವರ ಮನೆಗೆ ಕಳಿಸುವುದನ್ನು ನಾವೇ ಕಡಿಮೆ ಮಾಡಿದೆವು. ಅಕ್ಕನ ಮನೆಯಿಂದ ಶುಕ್ರವಾರ ಬರುತ್ತಿದ್ದ ಪಾಯಸದ ಲೋಟ ಬರಲಿಲ್ಲ.

ಆ ಹತ್ತು ದಿನದಲ್ಲಿ ನಮಗೊಂದು ವಿಷಯ ಹೊಳೆಯಬೇಕಾಗಿತ್ತು, ಹೊಳೆಯಲಿಲ್ಲ. ಮನೆ ಮುಂದಿನ ನೆಲದೊಳಗಿನ ಸಂಪಿನಲ್ಲಿ ನೀರು ಮುಗಿದಿರಲಿಲ್ಲ. ನಾವು ಊರಿಗೆ ಹೋಗುವಾಗ ಅದರಲ್ಲಿ ಮೊಣಕಾಲು ಮಟ್ಟವೂ ಇರಲಿಲ್ಲ.

ಒಂದು ಬೆಳಗ್ಗೆ ನೀರು ಬಿಡುವ ನೀರಗಂಟಿ ಬೀದಿಯಲ್ಲಿ ಸಿಕ್ಕ. ಮಾತಿಗೆ ಮಾತು ಬಂದು ಅವನೇ ಹೇಳಿದ: "ಎದುರು ಮನೆ ಅಮ್ಮನಂಥೋರು ಸಿಗಾಕಿಲ್ಲ ಬಿಡ್ರಿ. ಮಂಗಳವಾರ ನಲ್ಲಿ ನೀರು ಬಂದಾಗ ತಮ್ಮ ಡ್ರಮ್ಮು ಆಮೇಲೆ ಅಂತ ಹೇಳಿ ಪೈಪು ಎಳ್ಕೊಂಡು ಮೊದಲು ನಿಮ್ಮ ಸಂಪಿಗೆ ಬಿಟ್ರು. ತುಂಬೋ ತನಕ ಅಲ್ಲೇ ನಿಂತಿದ್ರು."

ಅಷ್ಟು ಹೊತ್ತಿಗೆ ನಮ್ಮ ಕಾಲ ಕೆಳಗಿನ ಕಲ್ಲು ಅಲುಗಾಡಿದ ಹಾಗಾಯಿತು.

ನಮ್ಮ ಕಡೆ ಸಂಪು ಅಂದರೆ ಏನು? ಯಾವ ಮಗುವನ್ನು ಕೇಳಿದರೂ ಅಂಗಳದಲ್ಲಿ ಕಬ್ಬಿಣದ ಮುಚ್ಚಳ ಹಾಕಿದ ನೆಲದ ತೊಟ್ಟಿ ತೋರಿಸುತ್ತದೆ. ಮೀನಿನವರ ಸಂಪು ನಮಗೆ ಗೊತ್ತು, ಅಕ್ಕನಿಗೆ ಏಕೆ ಗೊತ್ತಿರಬೇಕು? ನಾವು ಹೇಳಿದ್ದನ್ನು ಅಕ್ಕ ಅಕ್ಷರಶಃ ಮಾಡಿದ್ದರು. ದಿನಾ ಬೆಳಗ್ಗೆ ಆ ಭಾರದ ಮುಚ್ಚಳ ಎತ್ತಿ ನೋಡಿದ್ದರು. ಬೇಸಿಗೆಯಲ್ಲಿ ತಮ್ಮ ಪಾಲಿನ ನೀರನ್ನು ನಮಗೆ ಬಿಟ್ಟಿದ್ದರು. ನಾವು ಅವರನ್ನು ಸುಳ್ಳುಗಾರರ ಹಾಗೆ ನೋಡಿದ್ದೆವು.

ಪತ್ರಿಕೆಗೆ ಸುದ್ದಿ ಕಳಿಸುವವರಿಗೆ ಇದು ಸಣ್ಣ ಪೆಟ್ಟಲ್ಲ. ಇಬ್ಬರು ಬೇರೆ ಬೇರೆ ಹೇಳಿದರೆ ಇಬ್ಬರನ್ನೂ ಇನ್ನೊಮ್ಮೆ ಕೇಳು ಅಂತ ಡಿಪ್ಲೊಮಾ ತರಗತಿಯಲ್ಲಿ ಕಲಿತದ್ದು. "ಯಾವ ಸಂಪು ಅಕ್ಕಾ?" ಅಂತ ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ಅವತ್ತೇ ಸಂಜೆ ಮೂವರೂ ಅಕ್ಕನ ಮನೆಗೆ ಹೋದೆವು. ತಪ್ಪಾಯಿತು ಅಂತ ಹೇಳಲು ಮಾತು ಸಿಗದೆ ಒದ್ದಾಡುತ್ತಿದ್ದಾಗ ಅಕ್ಕನೇ ನಕ್ಕರು. "ನನಗೂ ಆಮೇಲೆ ಅನ್ನಿಸ್ತು ಕಣಮ್ಮ, ಸಂಪಿಗೂ ಮೀನಿಗೂ ಏನು ಸಂಬಂಧ ಅಂತ. ಆದ್ರೆ ಆಶಾ ಕಾರ್ಯಕರ್ತೆಯರು ಸೊಳ್ಳೆ ಮರಿ ತಿನ್ನೋ ಮೀನು ತೊಟ್ಟಿಗೆ ಬಿಡಿ ಅಂತಾರಲ್ಲ. ನೀವೂ ಸಂಪಿಗೆ ಬಿಟ್ಟಿರಬೇಕು ಅನ್ಕೊಂಡೆ. ಮುಚ್ಚಳ ತೆಗೆದಾಗೆಲ್ಲ ಬಗ್ಗಿ ಹುಡುಕ್ತಿದ್ದೆ, ಒಂದೂ ಕಾಣ್ಲಿಲ್ಲ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅಕ್ಕನನ್ನು ಮನೆಗೆ ಕರೆದುಕೊಂಡು ಬಂದು ಬೀರು ತೆಗೆದು ತೋರಿಸಿದೆವು. ಮೇಲಿಂದ ನೀರು ಹೇಗೆ ಇಳಿಯುತ್ತದೆ, ಖಾನೆ ದಾಟಿ ಹೇಗೆ ಹೋಗುತ್ತದೆ, ಎಲ್ಲ. ನಾವು ಹೇಳಿದ್ದು ಉದ್ದವಾಯಿತು. ಅಕ್ಕ ಎರಡು ಮಾತಿನಲ್ಲಿ ಮುಗಿಸಿದರು: "ಮೇಲಿನ ಕೆರೆ ಕೋಡಿ ಬಿದ್ದು ಕೆಳಗಿನ ಕೆರೆಗೆ ಹೋದ ಹಂಗೆ. ಕೆಳಗಿನ ಕೆರೆ ನೀರನ್ನ ಮೋಟ್ರು ಇಟ್ಟು ಮತ್ತೆ ಮೇಲಕ್ಕೆ ಎತ್ತೀರಿ. ಹಂಗಾದ್ರೆ ಮೇಲಿನ ಕೆರೆ ಯಾವಾಗ್ಲೂ ಕೋಡಿ ಮಟ್ಟಕ್ಕೇ ನಿಂತಿರ್ತೈತೆ. ಒಣಗೋದು ಕೆಳಗಿಂದು."

ಇದಕ್ಕಿಂತ ಚೆನ್ನಾಗಿ ಹೇಳುವುದು ನಮ್ಮಿಂದ ಆಗುತ್ತಿರಲಿಲ್ಲ. ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ. ಜಿಲ್ಲೆಯ ಜನವೆಲ್ಲ ನೋಡಲು ಹೋಗಿತ್ತು, ನಾವೂ ಸುದ್ದಿಗೆ ಹೋಗಿದ್ದೆವು. 130 ಅಡಿ ಅಂತ ಬರೆದು ಕಳಿಸಿದ್ದೆವು. ಕೋಡಿ ಅನ್ನುವ ಮಾತು ನಮ್ಮ ಬಾಯಲ್ಲೇ ಇತ್ತು. ಮನೆಯ ತೊಟ್ಟಿ ನೋಡಿದಾಗ ನೆನಪಾಗಲಿಲ್ಲ.

ಅವತ್ತಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ಸಂಪು ಅನ್ನುವುದಿಲ್ಲ. ಕೆಳಗಿನ ಕೆರೆ.

ಮುಂದಿನ ರಜೆಗೆ ಮೊದಲು ಲೆಕ್ಕ ಸರಿ ಮಾಡಬೇಕು ಅಂತ ಕೂತೆವು. ನಿಮ್ಮ ಮನೆಯಲ್ಲೂ ಇಂಥ ತೊಟ್ಟಿ ಇದ್ದರೆ ನಮ್ಮ ಲೆಕ್ಕ ಹೀಗಿತ್ತು, ನಿಮ್ಮ ಅಳತೆ ಹಾಕಿ ನೋಡಿ.

ಮೊದಲು, ದಿನಕ್ಕೆ ಎಷ್ಟು ನೀರು ಆವಿಯಾಗುತ್ತದೆ? ಕೊನೆಯ ಖಾನೆಯ ಗಾಜಿನ ಮೇಲೆ ಉಗುರು ಬಣ್ಣದಲ್ಲಿ ಒಂದು ಗೆರೆ ಎಳೆದೆವು. ಗೆರೆ ಮಟ್ಟಕ್ಕೆ ನೀರು ತುಂಬಿಸಿ, ಮಾರನೇ ದಿನ ಅದೇ ಹೊತ್ತಿಗೆ ಮತ್ತೆ ಗೆರೆ ಮುಟ್ಟಿಸಲು ಎಷ್ಟು ಬೇಕಾಯಿತು ಅಂತ ಬಾಟಲಿಯಲ್ಲಿ ಅಳೆದೆವು. ಒಂದು ವಾರ ಹೀಗೆ ಮಾಡಿದೆವು. ಬೇಸಿಗೆಯಲ್ಲಿ, ಫ್ಯಾನ್ ತಿರುಗುವ ಕೋಣೆಯಲ್ಲಿ, ದಿನಕ್ಕೆ ಸುಮಾರು ಒಂದೂವರೆ ಲೀಟರ್. ಮಳೆಗಾಲದಲ್ಲಿ ಇಷ್ಟು ಹೋಗುವುದಿಲ್ಲ. ಆದ್ದರಿಂದ ಊರಿಗೆ ಹೋಗುವ ಕಾಲದಲ್ಲೇ ಅಳೆಯಬೇಕು.

ಎರಡನೆಯದು, ಕೆಳಗೆ ಎಷ್ಟು ನೀರು ಕೈಯಲ್ಲಿದೆ? ನಮ್ಮ ಕೊನೆಯ ಖಾನೆ 8 ಇಂಚು ಉದ್ದ, 12 ಇಂಚು ಅಗಲ. ಒಂದು ಇಂಚು ಎತ್ತರಕ್ಕೆ ಒಂದೂವರೆ ಲೀಟರ್‌ಗಿಂತ ಚೂರು ಹೆಚ್ಚು. ಗೆರೆ ಇರುವುದು 7 ಇಂಚಿಗೆ. ನೀರು 3 ಇಂಚಿಗಿಂತ ಕೆಳಗೆ ಹೋದರೆ ಪಂಪು ಗಾಳಿ ಎಳೆಯುತ್ತದೆ. ಅಂದರೆ ಕೈಯಲ್ಲಿರುವುದು 4 ಇಂಚು, ಸುಮಾರು 6 ಲೀಟರ್. ದಿನಕ್ಕೆ ಒಂದೂವರೆ ಲೀಟರ್ ಹೋದರೆ ನಾಲ್ಕೇ ದಿನ.

ಶನಿವಾರ ಹೊರಟಿದ್ದೆವು. ಬುಧವಾರ ಪಂಪು ಗೊರಗೊರ ಅಂದಿತ್ತು. ಅಕ್ಕ ಹೇಳಿದ್ದು ಲೆಕ್ಕಕ್ಕೆ ಸರಿಯಾಗಿ ಕೂತಿತು. ಅಷ್ಟು ಕರಾರುವಾಕ್ಕಾಗಿ ಹೇಳಿದವರ ಮಾತನ್ನು ನಾವು ನಂಬಿರಲಿಲ್ಲ. ಪಂಪು ನಿಂತ ಮೇಲೆ ನೀರು ತಿರುಗುವುದಿಲ್ಲ, ನೀರಿಗೆ ಗಾಳಿ ಸೇರುವುದಿಲ್ಲ. ಬಿಸಿ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ. ದೊಡ್ಡ ಮೀನುಗಳು ಮೊದಲು ಸತ್ತವು.

ಹಾಗಾದರೆ ಹೊರಡುವ ಮೊದಲು ಕೆಳಗಿನ ತೊಟ್ಟಿಯನ್ನು ಕಂಠಪೂರ್ತಿ ತುಂಬಿಸಿ ಹೋದರೆ ಆಯಿತಲ್ಲ ಅನ್ನಿಸುತ್ತದೆ. ನಮಗೂ ಹಾಗೇ ಅನ್ನಿಸಿತ್ತು. ಒಂದು ಭಾನುವಾರ ತುಂಬಿಸಿದೆವು. ಮಧ್ಯಾಹ್ನ ಕರೆಂಟ್ ಹೋಯಿತು. ಊಟದ ಕೋಣೆಯಿಂದ ಮಗಳು ಕೂಗಿದಳು, "ಅಪ್ಪಾ, ಅಮ್ಮಾ, ಕೆಳಗಿನ ಕೆರೆ ಕೋಡಿ ಬಿತ್ತು!"

ಹೋಗಿ ನೋಡಿದರೆ ಮನೆಯೆಲ್ಲ ನೀರು. ಬೀರುವಿನ ಪಕ್ಕ ಜೋಡಿಸಿಟ್ಟಿದ್ದ ಹಳೆಯ ಪತ್ರಿಕೆಗಳ ಕಟ್ಟು, ನಮ್ಮ ಹೆಸರಿನಲ್ಲಿ ಬಂದ ಸುದ್ದಿಗಳು, ಎಲ್ಲ ನೆನೆದು ಮುದ್ದೆಯಾಗಿದ್ದವು.

ಆದದ್ದು ಏನೆಂದರೆ, ಪಂಪು ನಿಂತ ಕೂಡಲೇ ಮೇಲಿನ ತೊಟ್ಟಿಯ ನೀರು ಸುಮ್ಮನೆ ನಿಲ್ಲುವುದಿಲ್ಲ. ಮೇಲಕ್ಕೆ ನೀರು ತರುವ ಪೈಪಿನ ತುದಿ ನೀರಿನೊಳಗೆ ಮುಳುಗಿರುತ್ತದಲ್ಲ, ಅದೇ ಪೈಪಿನಿಂದ ನೀರು ಹಿಂದಕ್ಕೆ ಇಳಿಯಲು ಶುರುವಾಗುತ್ತದೆ. ಡ್ರಮ್ಮಿನಿಂದ ಪೈಪು ಹಾಕಿ ಬಾಯಲ್ಲಿ ಎಳೆದು ಡೀಸೆಲ್ ಇಳಿಸುವ ಹಾಗೆ. ಪೈಪಿನ ತುದಿಗೆ ಗಾಳಿ ಸಿಗುವ ತನಕ ಅದು ನಿಲ್ಲುವುದಿಲ್ಲ. ನಮ್ಮ ಪೈಪು 5 ಇಂಚು ಮುಳುಗಿತ್ತು. 3 ಅಡಿ ಉದ್ದ, 15 ಇಂಚು ಅಗಲದ ತೊಟ್ಟಿಯಲ್ಲಿ ಒಂದು ಇಂಚು ನೀರು ಅಂದರೆ ಸುಮಾರು 9 ಲೀಟರ್. 5 ಇಂಚಿಗೆ 44 ಲೀಟರ್ ಕೆಳಕ್ಕೆ ಬಂದರೆ ಆ ಸಣ್ಣ ತೊಟ್ಟಿ ಹೇಗೆ ತಡೆದೀತು?

ನಮ್ಮಂಥ ಊರುಗಳಲ್ಲಿ ಇದೇ ಮುಖ್ಯವಾದ ಮಾತು. ಆವಿಗೆ ಹೆದರಿ ತುಂಬಿಸಿದರೆ ಕರೆಂಟ್ ಹೋದಾಗ ಹೊರಗೆ ಚೆಲ್ಲುತ್ತದೆ. ಕರೆಂಟಿಗೆ ಹೆದರಿ ಖಾಲಿ ಬಿಟ್ಟರೆ ನಾಲ್ಕನೇ ದಿನ ಪಂಪು ಒಣಗುತ್ತದೆ. ಕೆಳಗಿನ ತೊಟ್ಟಿಯಲ್ಲಿ ನೀರೂ ಇರಬೇಕು, ಖಾಲಿ ಜಾಗವೂ ಇರಬೇಕು.

ಪೈಪಿಗೆ ಮೇಲಿನ ನೀರಿನ ಮಟ್ಟದಿಂದ ಸ್ವಲ್ಪ ಕೆಳಗೆ ಒಂದು ಸಣ್ಣ ತೂತು ಕೊರೆದೆವು. ನೀರು ತೂತಿನ ತನಕ ಇಳಿದರೆ ಗಾಳಿ ಹೊಕ್ಕು ಹಿಂದಿನ ಹರಿವು ಕಡಿಯುತ್ತದೆ. ಈಗ ಕರೆಂಟ್ ಹೋದರೆ ಮೇಲೆ ಇಳಿಯುವುದು ಒಂದೂವರೆ ಇಂಚು, ಅಂದರೆ ಸುಮಾರು 13 ಲೀಟರ್. ಪಾಚಿ ಕಟ್ಟಿ ತೂತು ಮುಚ್ಚಿಕೊಳ್ಳದಂತೆ ಊದುಬತ್ತಿ ಕಡ್ಡಿಯಿಂದ ಆಗಾಗ ಚುಚ್ಚುತ್ತೇವೆ. ಹೊರಡುವ ಮುಂಚಿನ ದಿನ ಸ್ವಿಚ್ ಆರಿಸಿ, ಹತ್ತು ನಿಮಿಷ ಕಾದು, ಕೆಳಗೆ ಎಲ್ಲಿಯ ತನಕ ಏರುತ್ತದೆ ಅಂತ ಕಣ್ಣಾರೆ ನೋಡುತ್ತೇವೆ.

ಇನ್ನು ಆರು ದಿನದ ಆವಿಗೆ ನೀರು ಎಲ್ಲಿಂದ? ಏರ್ ಕೂಲರ್‌ಗೆ ಹಾಕುವ ಫ್ಲೋಟ್ ವಾಲ್ವು ತಂದೆವು. ಅದನ್ನು ಕೊನೆಯ ಖಾನೆಯಲ್ಲಿ ಗೆರೆ ಮಟ್ಟಕ್ಕೆ ಕೂರಿಸಿ, ಪಕ್ಕದಲ್ಲಿ ಎತ್ತರದ ಸ್ಟೂಲಿನ ಮೇಲೆ ನಲ್ಲಿ ಇರುವ 20 ಲೀಟರ್ ಕ್ಯಾನ್ ಇಟ್ಟು ಪೈಪು ಜೋಡಿಸಿದೆವು. ನೀರು ಇಳಿದರೆ ಫ್ಲೋಟ್ ಇಳಿದು ಬಾಯಿ ತೆರೆಯುತ್ತದೆ, ಏರಿದರೆ ಮುಚ್ಚುತ್ತದೆ. ಕರೆಂಟ್ ಬೇಡ.

ಕ್ಯಾನ್‌ಗೆ 20 ಲೀಟರ್ ತುಂಬಿಸಲಿಲ್ಲ, 12 ಮಾತ್ರ. ಆರು ದಿನಕ್ಕೆ ಬೇಕಾದದ್ದು 9. ಮೂರು ಹೆಚ್ಚಿಗೆ. ಏಕೆಂದರೆ ಫ್ಲೋಟ್ ಕೆಟ್ಟು ಬಾಯಿ ತೆರೆದೇ ಉಳಿದರೆ ಕ್ಯಾನ್‌ನಲ್ಲಿರುವುದೆಲ್ಲ ಕೆಳಕ್ಕೆ ಬರುತ್ತದೆ. ಅದೇ ಹೊತ್ತಿಗೆ ಕರೆಂಟ್ ಹೋದರೆ ಇನ್ನೊಂದು 13. ಎರಡೂ ಸೇರಿ 25. ಸ್ಪಂಜು, ಕಲ್ಲಿನ ಜಾಗ ಕಳೆದು ನಮ್ಮ ಕೆಳಗಿನ ತೊಟ್ಟಿಯಲ್ಲಿ ಗೆರೆಯ ಮೇಲೆ ಖಾಲಿ ಇರುವುದು ಸುಮಾರು 28. ಕೆಟ್ಟದ್ದೆಲ್ಲ ಒಟ್ಟಿಗೆ ಬಂದರೂ ಮನೆ ತೋಯಬಾರದು. ಇದೇ ಕಾರಣಕ್ಕೆ ಫ್ಲೋಟ್‌ಗೆ ಮಹಡಿ ಮೇಲಿನ ಟ್ಯಾಂಕಿನ ಪೈಪನ್ನು ಯಾರೂ ನೇರವಾಗಿ ಕೊಡಬೇಡಿ. ಅದು ಕೆಟ್ಟರೆ ಟ್ಯಾಂಕೆಲ್ಲ ನಿಮ್ಮ ಮನೆಯೊಳಗೆ ಖಾಲಿಯಾಗುತ್ತದೆ.

ನೀರು ಯಾವುದು ಅನ್ನುವುದೂ ಇದೆ. ಆವಿಯಾಗುವುದು ನೀರು ಮಾತ್ರ, ಅದರಲ್ಲಿದ್ದ ಉಪ್ಪು, ಸುಣ್ಣ ಹಿಂದೆ ಉಳಿಯುತ್ತದೆ. ಗಡಸು ಬೋರ್ ನೀರನ್ನೇ ಮತ್ತೆ ಮತ್ತೆ ಸೇರಿಸಿದರೆ ಉಪ್ಪು ಏರುತ್ತಾ ಹೋಗುತ್ತದೆ. ಆದ್ದರಿಂದ ಈ ಕ್ಯಾನ್‌ಗೆ ಶುದ್ಧ ನೀರಿನ ಘಟಕದ ನೀರು ಹಾಕಿದೆವು. ಕುಡಿಯುವ ನೀರನ್ನು ಮೀನಿಗೆ ಹಾಕುವಾಗ ಮನಸ್ಸಿಗೆ ಕಸಿವಿಸಿ ಆಗುವುದು ನಿಜ. ಕೊಡ ಹಿಡಿದು ಸಾಲಿನಲ್ಲಿ ನಿಂತವರ ಫೋಟೋ ತೆಗೆದು ಪತ್ರಿಕೆಗೆ ಕಳಿಸುವ ಕೈ ಇದು. ದಿನಕ್ಕೆ ಒಂದೂವರೆ ಲೀಟರ್ ಅಂತ ನಮಗೆ ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ. ವಾರಕ್ಕೊಮ್ಮೆ ತೊಟ್ಟಿಯಿಂದ ತೆಗೆಯುವ ಹಳೆಯ ನೀರು ಅಕ್ಕನ ಕರಿಬೇವಿನ ಗಿಡಕ್ಕೆ ಹೋಗುತ್ತದೆ.

ಊಟದ ವಿಷಯಕ್ಕೆ ಬಂದರೆ, ಬೆಳೆದ ಆರೋಗ್ಯವಂತ ಗೋಲ್ಡ್ ಫಿಶ್ ನಾಲ್ಕಾರು ದಿನ ಉಪವಾಸ ಇದ್ದರೂ ಏನೂ ಆಗುವುದಿಲ್ಲ. ಹೆಚ್ಚು ಹಾಕಿದರೇ ನೀರು ಕೆಡುವುದು. ಪತ್ರಿಕೆ ಹಾಳೆ ಹರಿದು ಮೂರು ಪೊಟ್ಟಣ ಕಟ್ಟಿ, ಒಂದು ದಿನ ಬಿಟ್ಟು ಒಂದು ದಿನ ಹಾಕಿ ಅಂತ ಇಟ್ಟೆವು. ಡಬ್ಬಿಯನ್ನು ಒಳಗೆ ತೆಗೆದಿಟ್ಟೆವು. ಜೊತೆಗೆ ಕರೆಂಟ್ ಹೋದರೆ ತಾನೇ ಶುರುವಾಗುವ ಬ್ಯಾಟರಿ ಗಾಳಿ ಪಂಪು ಒಂದು.

ಈ ಏಪ್ರಿಲ್‌ನಲ್ಲಿ ಮತ್ತೆ ಹೊರಟೆವು, ಹಂಪಿ, ಬಾದಾಮಿ ಕಡೆ. ತೊಟ್ಟಿಯಲ್ಲಿ ಉಳಿದ ಒಂದು ಹಳೆಯ ಮೀನು, ಜೊತೆಗೆ ಹೊಸದಾಗಿ ತಂದ ಎರಡು. ಹಿಂದಿನ ರಾತ್ರಿಯೇ ಅಕ್ಕನನ್ನು ಕರೆದು ಬೀರು ತೆಗೆದು, ಗೆರೆ ತೋರಿಸಿ, ಅವರ ಬೆರಳನ್ನೇ ಗೆರೆ ಮೇಲೆ ಇಡಿಸಿದೆವು. ನೀರು ಗೆರೆಯ ಹತ್ತಿರ ಇದ್ದರೆ ಏನೂ ಮಾಡಬೇಡಿ. ಎರಡು ಬೆರಳು ಕೆಳಗೆ ಹೋದರೆ ಫೋನ್ ಮಾಡಿ. ಇಷ್ಟೇ ಹೇಳಿದ್ದು.

ಮೂರನೇ ಬೆಳಗ್ಗೆ ಬಾದಾಮಿ ಬಸ್ ನಿಲ್ದಾಣದಲ್ಲಿ ಇಡ್ಲಿ ತಿನ್ನುತ್ತಿದ್ದಾಗ ಫೋನ್ ಬಂತು.

"ಕೆಳಗಿನ ಕೆರೆ ಎರಡು ಬೆರಳು ಇಳಿದೈತೆ ಕಣಮ್ಮ. ಕ್ಯಾನ್‌ನಾಗಿನ ನೀರು ಇದ್ದಷ್ಟೇ ಐತೆ."

ನಮ್ಮ ಎದೆ ಧಸಕ್ ಅಂದಿತು. ಫ್ಲೋಟ್ ಸಿಕ್ಕಿಕೊಂಡಿರಬೇಕು, ಪೈಪು ಮಡಚಿರಬೇಕು ಅಂತ ಇಬ್ಬರೂ ಒಟ್ಟಿಗೆ ಹೇಳಲು ಶುರು ಮಾಡಿದೆವು. ಅಕ್ಕ ತಡೆದರು.

"ತಡೀರಿ, ಕ್ಯಾನ್ ಮುಚ್ಚಳ ಯಾರು ಇಷ್ಟು ಬಿಗಿ ಮಾಡಿದ್ದು? ಮೇಲಿಂದ ಗಾಳಿ ಹೋಗದಿದ್ರೆ ಕೆಳಗಿಂದ ನೀರು ಹೆಂಗೆ ಬೀಳ್ತೈತೆ?"

ಧೂಳು ಬೀಳಬಾರದು ಅಂತ ಹೊರಡುವ ಗಡಿಬಿಡಿಯಲ್ಲಿ ನಾವೇ ಬಿಗಿ ಮಾಡಿದ್ದು. ಪರೀಕ್ಷೆ ಮಾಡಿದಾಗಲೆಲ್ಲ ಮುಚ್ಚಳ ತೆಗೆದೇ ಇತ್ತು. ಅಕ್ಕ ಮುಚ್ಚಳ ಸಡಿಲ ಮಾಡಿದರು. ಫೋನಿನಲ್ಲೇ ಗುಳುಗುಳು ಸದ್ದು ಕೇಳಿಸಿತು.

"ಹಾಂ, ಬಿತ್ತು ನೋಡು. ನೀವು ಇಡ್ಲಿ ತಿನ್ರಿ."

ಬರಿ "ನೀರು ಹಾಕಿ" ಅಂತ ಹೇಳಿ ಹೋಗಿದ್ದರೆ ಅಕ್ಕ ನೀರು ಹಾಕುತ್ತಿದ್ದರು, ಅಷ್ಟೇ. ಹೇಗೆ ತಿರುಗುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು, ಅದಕ್ಕೇ ನಮ್ಮ ತಪ್ಪನ್ನೂ ಹಿಡಿದರು.

ಆರನೇ ದಿನ ರಾತ್ರಿ ಬಂದು ಬೀಗ ತೆಗೆದಾಗ ಕತ್ತಲೆಯಲ್ಲಿ ನೀರು ಬೀಳುವ ಸದ್ದು ಕೇಳಿಸಿತು. ಲೈಟ್ ಹಾಕುವ ಮೊದಲೇ ಮಗಳು ಎದ್ದು ಓಡಿ ಹೋಗಿ ಎಣಿಸಿದಳು. ಮೂರೂ ಇದ್ದವು. ಕ್ಯಾನ್‌ನಲ್ಲಿ ಸುಮಾರು ನಾಲ್ಕು ಲೀಟರ್ ಉಳಿದಿತ್ತು.

ಈಗ ಸುದ್ದಿಗೆ ಹಳ್ಳಿಗಳಿಗೆ ಹೋದಾಗ ಒಂದು ಹೊಸ ಅಭ್ಯಾಸ ಬಂದಿದೆ. ಯಾರಾದರೂ "ನೀರು ಬಂದಿಲ್ಲ", "ಬಿಲ್ ಆಗಿಲ್ಲ", "ರಸ್ತೆ ಆಗೈತೆ" ಅಂದರೆ ಹಾಗೇ ಬರೆದುಕೊಳ್ಳುವುದಿಲ್ಲ. ಯಾವ ನೀರು, ಯಾವ ಬಿಲ್, ಎಲ್ಲಿಂದ ಎಲ್ಲಿಗೆ ರಸ್ತೆ, ಸ್ವಲ್ಪ ತೋರಿಸಿ ಬನ್ನಿ ಅನ್ನುತ್ತೇವೆ. ಕೆಲವರು ಇವರಿಗೆ ಕನ್ನಡ ಬರುವುದಿಲ್ಲವೇನೋ ಅನ್ನುವ ಹಾಗೆ ನೋಡುತ್ತಾರೆ. ನೋಡಲಿ.

ಅಕ್ಕ ಈಗಲೂ ಶುಕ್ರವಾರ ಪಾಯಸದ ಲೋಟ ಹಿಡಿದು ಬರುತ್ತಾರೆ. ಲೋಟ ಕೊಟ್ಟು ಸೀದಾ ಹೋಗುವುದಿಲ್ಲ. ಸೊಂಟಕ್ಕೆ ಕೈ ಇಟ್ಟು ಬಗ್ಗಿ, ಬೀರುವಿನ ಬಾಗಿಲು ತೆಗೆದು, ಗೆರೆ ನೋಡಿ ಹೋಗುತ್ತಾರೆ. ನಾವು ಮನೆಯಲ್ಲೇ ಇದ್ದರೂ.